ಕರವಸ್ತ್ರ ಬರುವವರೆಗೆ

ಬಟ್ಟೆ ಎಷ್ಟು ಕುಗ್ಗುತ್ತದೆ ಎಂದು ಅಳೆಯುವುದು ನನ್ನ ಉದ್ಯೋಗ. ನವಿ ಮುಂಬೈಯ ಒಂದು ಪ್ರಯೋಗಾಲಯದಲ್ಲಿ, ಕಂಪನಿಗಳು ಕಳಿಸಿದ ಬಟ್ಟೆಯ ಮೇಲೆ ಎರಡು ಗುರುತು ಹಾಕಿ, ಒಗೆದು, ಒಣಗಿಸಿ, ಆ ಗುರುತುಗಳು ಎಷ್ಟು ಹತ್ತಿರ ಬಂದವೆಂದು ನೋಡಿ ಬರೆಯುತ್ತೇನೆ. ಬಟ್ಟೆ ಬೆಳೆಯುವುದನ್ನು ಅಳೆಯಲು ನನ್ನನ್ನು ಕರೆದದ್ದು ಒಂದೇ ಸಲ. ಕರೆದವರು ನಾನು ಓದಿದ ಶಾಲೆಯ ಸಿಸ್ಟರ್.

ಕಲ್ಯಾಣದ ಆ ಶಾಲೆಯನ್ನು ಬಹಳ ಹಿಂದೆ ಐರ್ಲೆಂಡಿನಿಂದ ಬಂದ ಕನ್ಯಾಸ್ತ್ರೀಯರು ಕಟ್ಟಿದ್ದರು. ಅವರು ತೀರಿಕೊಂಡೋ ತಮ್ಮ ದೇಶಕ್ಕೆ ಮರಳಿಯೋ ಒಬ್ಬರೂ ಉಳಿದಿರಲಿಲ್ಲ. ಉಳಿದದ್ದು ಅವರ ನಾಡಿನ ಸಂತಮಾತೆ, ಒಂದೂವರೆ ಸಾವಿರ ವರ್ಷದ ಹಿಂದಿನವಳು. ಮೆಟ್ಟಿಲಿನ ತಿರುವಿನಲ್ಲಿ ಆಕೆಯ ಚಿತ್ರವಿತ್ತು, ಪಕ್ಕದಲ್ಲೊಂದು ಬಿಳಿ ಹಸು. ಪರೀಕ್ಷೆಯ ದಿನ ನಾವೆಲ್ಲ ಹಸುವನ್ನು ಮುಟ್ಟಿ ನಮಸ್ಕರಿಸಿ ಮೇಲೆ ಹೋಗುತ್ತಿದ್ದೆವು. ಸಂತಮಾತೆಯನ್ನು ಮುಟ್ಟಬಹುದೋ ಬಾರದೋ ಗೊತ್ತಿರಲಿಲ್ಲ, ಹಸುವಿನ ವಿಷಯದಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಆಕೆಯ ಹಬ್ಬ ಫೆಬ್ರವರಿಯ ಮೊದಲ ದಿನ. ಈ ಸಲ ಅದು ಭಾನುವಾರ ಬಿದ್ದದ್ದರಿಂದ ಶನಿವಾರವನ್ನೂ ಸೇರಿಸಿ, ಹಳೆ ವಿದ್ಯಾರ್ಥಿನಿಯರು, ಪೋಷಕರು, ಅಕ್ಕಪಕ್ಕದ ಬಿಲ್ಡಿಂಗಿನವರು ಎಲ್ಲರನ್ನೂ ಕರೆದು ಎರಡು ದಿನ ಆಚರಿಸುವುದೆಂದು ಸಿಸ್ಟರ್ ತೀರ್ಮಾನಿಸಿದ್ದರು. ಸಿಸ್ಟರ್ ಮಂಗಳೂರಿನವರು. ನಿವೃತ್ತರಾಗಿ ವರ್ಷಗಳಾಗಿದ್ದರೂ ಶಾಲೆ ಅವರು ಹೇಳಿದ ಹಾಗೆಯೇ ನಡೆಯುತ್ತಿತ್ತು.

"ನೀನು ಬಟ್ಟೆ ಅಳೆಯುವವಳಲ್ವಾ ಮಗಾ?" ಎಂದು ಫೋನ್ ಮಾಡಿದರು. "ಎರಡು ದಿನವೂ ಬಾ. ಟೇಪು ನಿನ್ನದೇ ತಾ. ಇಲ್ಲಿದ್ದದ್ದನ್ನು ಮಕ್ಕಳು ಎಳೆದೆಳೆದು ಉದ್ದ ಮಾಡಿದ್ದಾರೆ."

ವಿಷಯ ಇಷ್ಟು. ಐರ್ಲೆಂಡಿನಲ್ಲಿ ಹಬ್ಬದ ಹಿಂದಿನ ಸಂಜೆ ಒಂದು ಬಟ್ಟೆಯನ್ನು ಮನೆಯ ಹೊರಗೆ ಇಡುತ್ತಾರಂತೆ. ಇರುಳಿನಲ್ಲಿ ಸಂತಮಾತೆ ಊರೂರು ದಾಟಿ ಹೋಗುವಾಗ ಅದನ್ನು ಮುಟ್ಟುತ್ತಾಳೆ. ಬೆಳಿಗ್ಗೆ ನೋಡಿದರೆ ಬಟ್ಟೆ ಕೊಂಚ ಉದ್ದವಾಗಿರುತ್ತದೆ. ಅದನ್ನು ತಲೆಗೆ ಕಟ್ಟಿಕೊಂಡರೆ ವರ್ಷವಿಡೀ ತಲೆನೋವು ಹತ್ತಿರ ಸುಳಿಯುವುದಿಲ್ಲ.

"ಉದ್ದ ಆಗದಿದ್ದರೆ?" ಎಂದು ಕೇಳಿದೆ.

"ಆಗಲಿಲ್ಲ ಅಂತ ಹೇಳು. ಸುಳ್ಳು ಹೇಳಲಿಕ್ಕೆ ನಿನ್ನನ್ನು ಯಾಕೆ ಕರೆಯುವುದು, ಅದಕ್ಕೆ ಬೇಕಾದಷ್ಟು ಜನ ಇದ್ದಾರೆ. ಮತ್ತೆ ಟೇಪಿನ ಇನ್ನೊಂದು ತುದಿ ಹಿಡಿಯಲಿಕ್ಕೆ ನಮ್ಮ ವಿಜ್ಞಾನದ ಮೇಷ್ಟ್ರಿಗೆ ಹೇಳಿದ್ದೇನೆ."

ಬರುತ್ತೇನೆ ಎಂದೆ. ಎಷ್ಟು ಬೇಗ ಎಂದೆನೆಂದರೆ ಸಿಸ್ಟರ್ ಮಾತು ಇನ್ನೂ ಮುಗಿದಿರಲಿಲ್ಲ.

ವಿಜ್ಞಾನದ ಮೇಷ್ಟ್ರು ವಿಜಯಪುರದ ಕಡೆಯವರು. ವಿಠ್ಠಲವಾಡಿಯಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ಎರಡು ವರ್ಷದ ಹಿಂದೆ ಮಕ್ಕಳನ್ನು ಕರೆದುಕೊಂಡು ನಮ್ಮ ಪ್ರಯೋಗಾಲಯ ನೋಡಲು ಬಂದಿದ್ದರು. ಮಕ್ಕಳು ಕ್ಯಾಂಟೀನ್ ಎಲ್ಲಿ ಎಂದು ಕೇಳಿದರು, ಇವರು ಉಣ್ಣೆ ಯಾಕೆ ಕುಗ್ಗುತ್ತದೆ ಎಂದು ಕೇಳಿದರು. ಆಮೇಲೆ ಪ್ರತಿ ಶನಿವಾರ ಸ್ಟೇಷನ್ನಿನ ಬಳಿಯ ನಮ್ಮ ಹೋಟೆಲಿಗೆ ಬರತೊಡಗಿದರು. ಶನಿವಾರ ಅಪ್ಪನಿಗೆ ಬಿಡುವು ಕೊಟ್ಟು ಗಲ್ಲಾದಲ್ಲಿ ಕೂರುವವಳು ನಾನು. ಟವೆಲ್ ಯಾಕೆ ಒರಟಾಗುತ್ತದೆ, ಜೀನ್ಸ್ ಯಾಕೆ ಬಣ್ಣ ಬಿಡುತ್ತದೆ ಎಂದು ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಎರಡು ವರ್ಷದಲ್ಲಿ ನಮ್ಮ ಮಾತು ಬಟ್ಟೆಯನ್ನು ಬಿಟ್ಟು ಹೊರಗೆ ಹೋದದ್ದು ಕಡಿಮೆ. ಆದರೂ ಶುಕ್ರವಾರ ಸಂಜೆಯಿಂದಲೇ ನನಗೆ ಹಸಿವಾಗುತ್ತಿರಲಿಲ್ಲ.

ಹಬ್ಬಕ್ಕೆ ಒಂದು ವಾರ ಮೊದಲು, ಶನಿವಾರ, ಅವರು ಚಹಾ ಮುಗಿಸಿ ಗಲ್ಲಾದ ಮುಂದೆ ನಿಂತು, "ಅವ್ವ ಒಂದ ಹುಡುಗೀನ ನೋಡ್ಯಾಳ್ರಿ," ಎಂದರು. "ಮುಂದಿನ ಐತವಾರ ಸಂಜೀ ಗಾಡಿಗೆ ಹೊಂಟೀನಿ. ಸೋಮವಾರ ಹುಡುಗಿ ನೋಡೂದೈತಿ."

"ಒಳ್ಳೇದಾಯ್ತು," ಎಂದೆ. "ಚಿಲ್ಲರೆ ಉಂಟಾ?"

ಅವರ ಹತ್ತಿರ ಚಿಲ್ಲರೆ ಇತ್ತು. ಕೊಟ್ಟು ಹೋದರು.

ನಮ್ಮ ಮನೆಗಳಲ್ಲಿ ಹುಡುಗಿ ಬಾಯಿಬಿಟ್ಟು ಕೇಳುವುದಿಲ್ಲ. ಹುಡುಗಿಗೆ ಇಷ್ಟವಿದ್ದರೆ ಅದು ಹೇಗೋ ಅಮ್ಮನಿಗೆ ತಿಳಿಯಬೇಕು, ಅಮ್ಮ ಅಪ್ಪನಿಗೆ ಹೇಳಬೇಕು, ಅಪ್ಪ ಸೋದರಮಾವನಿಗೆ, ಮಾವ ಆ ಕಡೆಯವರನ್ನು ಬಲ್ಲ ಯಾರಿಗೋ. ಮಳೆಗಾಲ ಬಂದೀತು. ಭಾನುವಾರ ಸಂಜೆಯ ಗಾಡಿ ಅಷ್ಟು ಕಾಯುವುದಿಲ್ಲ. ಅವರು ಅದನ್ನು ಹತ್ತುವ ಮೊದಲು ನಾನೇ ಕೇಳುವುದೆಂದು ನಿಶ್ಚಯಿಸಿದೆ. ನಿಶ್ಚಯಿಸಿದ್ದೇ ತಡ, ತಲೆ ಎಲ್ಲೋ ಕಾಲು ಎಲ್ಲೋ ಆಯಿತು. ಸೋಮವಾರ ಠಾಣೆಯಲ್ಲಿ ಗಾಡಿ ಬದಲಿಸುವಾಗ ತಪ್ಪು ಪ್ಲಾಟ್‌ಫಾರ್ಮಿಗೆ ಹೋದೆ, ಮಂಗಳವಾರವೂ ಹೋದೆ. ಆ ವಾರ ಪ್ರಯೋಗಾಲಯದಲ್ಲಿ ನಾನು ಅಳೆದದ್ದನ್ನೆಲ್ಲ ಎರಡನೆಯ ಸಲ ಅಳೆದೆ.

ಶನಿವಾರ ಮಧ್ಯಾಹ್ನ ಶಾಲೆಯ ಸಭಾಂಗಣದಲ್ಲಿ ಬೆಂಚುಗಳನ್ನು ಜೋಡಿಸಿ ಉದ್ದದ ಮೇಜು ಮಾಡಿದ್ದರು. ಸಣ್ಣದೊಂದು ಬಟ್ಟೆ ತನ್ನಿ ಎಂದು ಸಿಸ್ಟರ್ ಎಲ್ಲರಿಗೂ ಹೇಳಿದ್ದರು. ಆದರೆ ಪ್ರಸಾದ ಹಂಚುವಲ್ಲಿಗೆ ಯಾರು ಸಣ್ಣ ಪಾತ್ರೆ ತರುತ್ತಾರೆ? ದುಪಟ್ಟಾ ತಂದರು, ಪಂಚೆ ತಂದರು, ಒಬ್ಬರು ಬಾಗಿಲಿನ ಪರದೆಯನ್ನೇ ಬಿಚ್ಚಿ ತಂದಿದ್ದರು. ನಮ್ಮ ಬಿಲ್ಡಿಂಗಿನ ಮರಾಠಿ ಕಾಕು, ನನ್ನ ಅಮ್ಮನ ಹಳೆಯ ಗೆಳತಿ, ತಮ್ಮ ಒಂಬತ್ತು ಗಜದ ಸೀರೆ ಹೊತ್ತು ಬಂದಿದ್ದರು. ಗೋಳಿಬಜೆ, ಚಹಾ ನಮ್ಮ ಹೋಟೆಲಿನದು. ಅದರ ಮೇಲ್ವಿಚಾರಣೆಗೆ ಬಂದ ಅಮ್ಮ ಹೋಟೆಲಿನ ಮೇಜುವಸ್ತ್ರವೊಂದನ್ನು ನನ್ನ ಮುಂದೆ ಹಾಕಿ, "ಇದಕ್ಕೂ ಆಶೀರ್ವಾದ ಆಗ್ಲಿ," ಎಂದು ಹೇಳಿ ಅಡುಗೆಮನೆಗೆ ಓಡಿದರು. ಆಶೀರ್ವಾದ ಹೇಗೆ, ಯಾವಾಗ ಎಂದು ಕೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

ಟೇಪಿನ ಸೊನ್ನೆಯ ತುದಿಯನ್ನು ಮೇಷ್ಟ್ರು ಹಿಡಿದರು, ಈಚೆ ತುದಿಯಲ್ಲಿ ನಾನು. ಅಳೆದ ಉದ್ದವನ್ನು ಚೀಟಿಯಲ್ಲಿ ಬರೆದು ಬಟ್ಟೆಗೆ ಪಿನ್ನು ಚುಚ್ಚುವುದು.

"ಬಟ್ಟೆಯನ್ನು ಎಳೀಬೇಡಿ," ಎಂದೆ. "ಎಳೆದರೆ ಅದು ಉದ್ದ ಆಗ್ತದೆ. ಸುಮ್ಮನೆ ಮಲಗಿಸಬೇಕು."

"ಮಲಗಿಸೀನ್ರಿ. ಜೋಗುಳ ಹಾಡಲ್ಯಾ?"

ಸಾಲಿನಲ್ಲಿದ್ದ ಹುಡುಗಿಯರು ನಕ್ಕರು. ನಾನು ಚೀಟಿಯಲ್ಲಿ ತಪ್ಪು ಬರೆದು ಹೊಡೆದುಹಾಕಿದೆ.

ಆ ಮೇಜಿನ ಒಂದು ತೊಂದರೆ ನನಗೆ ಕೂಡಲೇ ತಿಳಿಯಿತು. ಬಟ್ಟೆ ಎಷ್ಟು ಉದ್ದವೋ ನಾವಿಬ್ಬರು ಅಷ್ಟು ದೂರ. ದುಪಟ್ಟಾ ಬಂದರೆ ಮಾತನಾಡಲು ದನಿ ಏರಿಸಬೇಕು. ಟವೆಲ್ಲಿಗೆ ಸ್ವಲ್ಪ ಆಸೆ ಇತ್ತು, ಆದರೆ ಟವೆಲ್ಲಿನ ದೂರದ ಮಾತು ಸಾಲಿನ ಮೊದಲ ಮೂವರಿಗೆ ಕೇಳಿಸುತ್ತದೆ. ನನಗೆ ಬೇಕಾದದ್ದು ಕರವಸ್ತ್ರ. ಆ ಮಧ್ಯಾಹ್ನ ಒಂದೂ ಬರಲಿಲ್ಲ.

ಅಳತೆ ಮುಗಿದ ಬಟ್ಟೆಗಳನ್ನು ಅಂಗಳದ ತಂತಿಗಳ ಮೇಲೆ ಸಾಲಾಗಿ ಹರವಿದೆವು. ನಂತರ ಸಿಸ್ಟರ್ ಎಲ್ಲರನ್ನೂ ಮರದ ನೆರಳಿನಲ್ಲಿ ಕೂರಿಸಿ ಸಂತಮಾತೆಯ ಕತೆ ಹೇಳಿದರು. ಕನ್ನಡದಲ್ಲಿ ಶುರುಮಾಡಿ, ಮಕ್ಕಳಿಗಾಗಿ ಹಿಂದಿಗೆ ಹೊರಳಿ, ಕಾಕುವಿನ ಮುಖ ನೋಡಿದಾಗೆಲ್ಲ ಮರಾಠಿಗೆ ಬರುತ್ತಿದ್ದರು. ಮನೆಯ ಬೆಣ್ಣೆಯನ್ನೆಲ್ಲ ಬಡವರಿಗೆ ಹಂಚಿದಳು, ಆದರೂ ಗಡಿಗೆ ತುಂಬಿಯೇ ಇತ್ತು ಎಂಬಲ್ಲಿಗೆ ಅಮ್ಮ ಗೋಳಿಬಜೆಯ ತಟ್ಟೆ ಹಿಡಿದು ಬಂದರು.

"ನಮ್ಮ ಉಡುಪಿಯವನು ಬೆಣ್ಣೆ ಕದ್ದ, ಇವಳು ಕೊಟ್ಟಳು," ಎಂದರು ಅಮ್ಮ. "ಲೆಕ್ಕ ಸರಿಯಾಯ್ತು." ತಟ್ಟೆ ಖಾಲಿಯಾದದ್ದೇ ಮತ್ತೆ ಒಳಗೆ ಹೋದರು.

"ಇನ್ನೊಂದು ಕತೆ ಉಂಟು," ಎಂದರು ಸಿಸ್ಟರ್. "ಇದು ಪುಸ್ತಕದ್ದಲ್ಲ, ನಮ್ಮ ಹಳೆ ಐರಿಷ್ ಸಿಸ್ಟರ್ ಹೇಳ್ತಿದ್ದದ್ದು. ಹೆಂಗಸರೆಲ್ಲ ಆಕೆಯ ಹತ್ತಿರ ದೂರು ತಂದರಂತೆ. ಈ ಗಂಡಸರು ನಾಚಿಕೊಂಡು ನಮ್ಮನ್ನು ಕೇಳುವುದೇ ಇಲ್ಲ, ನಾವು ಕಾದು ಕಾದು ಮುದುಕಿಯರಾದೆವು ಅಂತ. ಆಕೆ ಹೋಗಿ ಆ ದೇಶದ ದೊಡ್ಡ ಸಂತನ ಹತ್ತಿರ ವಾದ ಮಾಡಿದಳು. ಆಯ್ತಪ್ಪ, ಏಳು ವರ್ಷಕ್ಕೊಮ್ಮೆ ಹೆಂಗಸರೇ ಕೇಳಲಿ ಅಂದ ಅವನು. ಆಕೆ ಚೌಕಾಸಿ ಮಾಡಿ ನಾಲ್ಕಕ್ಕೆ ಇಳಿಸಿದಳು. ಫೆಬ್ರವರಿಗೆ ಒಂದು ದಿನ ಹೆಚ್ಚು ಬರುವ ವರ್ಷ."

ಕಾಕು ಮರಾಠಿಯಲ್ಲಿ, "ಆಕೆ ನಮ್ಮ ಕಲ್ಯಾಣದ ಮಾರ್ಕೆಟ್ಟಿನವಳೇ ಇರಬೇಕು," ಎಂದರು.

ಒಬ್ಬ ಹುಡುಗಿ ಎದ್ದು, "ಸಿಸ್ಟರ್, ಇಸ್ ಸಾಲ್ ಹೈ ಕ್ಯಾ?" ಎಂದು ಕೇಳಿದಳು.

"ಈ ವರ್ಷ ಇಲ್ಲ. ಇನ್ನೂ ಎರಡು ವರ್ಷ ಉಂಟು. ಅಷ್ಟರಲ್ಲಿ ನೀನು ಹತ್ತನೇದು ಪಾಸಾಗು."

ಎಲ್ಲರೂ ನಗುತ್ತಿದ್ದರು. ನಾನು ಮೇಷ್ಟ್ರ ಕಡೆ ನೋಡಿದೆ. ಅವರು ಟೇಪನ್ನು ಸುತ್ತುತ್ತಿದ್ದರು, ಸುತ್ತಿ ಮುಗಿದದ್ದನ್ನು ಬಿಚ್ಚಿ ಮತ್ತೆ ಸುತ್ತಿದರು. ನಿಯಮವೊಂದು ಇದೆಯೆಂದು ಗೊತ್ತಾದ ಮೇಲೆ ಅದನ್ನು ಮೀರುವುದು ನನ್ನಂಥವರಿಗೆ ಸುಲಭವಲ್ಲ. ನಗೆ ಬರುವ ಸಂಗತಿ, ಆದರೆ ಆ ಸಂಜೆ ನನಗೆ ಆ ಎರಡು ವರ್ಷ ನಿಜವಾದ ಅಡ್ಡಿಯಾಗಿ ಕಂಡಿತು.

ಬೆಳಕು ಕುಂದುವ ಹೊತ್ತಿಗೆ ನಾವೆಲ್ಲ ಸಭಾಂಗಣದಲ್ಲಿ ಮಕ್ಕಳ ಹಾಡಿನ ಅಭ್ಯಾಸ ನೋಡುತ್ತಿದ್ದೆವು. ನಾನು ಗಾಳಿಗೆಂದು ಹೊರಗೆ ಬಂದೆ. ತಂತಿಗಳು ಬರಿದಾಗಿದ್ದವು. ಒಂದು ಟವೆಲ್ಲೂ ಇಲ್ಲ, ಒಂದು ಪಂಚೆಯೂ ಇಲ್ಲ. ಜಗಲಿಯ ಮೇಜಿನ ಮೇಲೆ ಬಟ್ಟೆಗಳು ಇಸ್ತ್ರಿ ಅಂಗಡಿಯಲ್ಲಿದ್ದಂತೆ ಅಟ್ಟಿಯಾಗಿ ಕೂತಿದ್ದವು, ಪ್ರತಿಯೊಂದರ ಮೇಲೂ ನನ್ನ ಚೀಟಿ ಕಾಣುವ ಹಾಗೆ. ಅಮ್ಮ ಮತ್ತು ಕಾಕು ಕೊನೆಯದನ್ನು ಮಡಚುತ್ತಿದ್ದರು.

"ಅಮ್ಮ, ಎಂಥ ಮಾಡಿದ್ದು?"

"ಎಂಥ ಅಂದ್ರೆ? ದೀಪ ಹಚ್ಚುವ ಹೊತ್ತಾಯ್ತು, ಇಷ್ಟು ಬಟ್ಟೆ ಹೊರಗೆ. ಇಷ್ಟು ಜನರಲ್ಲಿ ಒಬ್ಬರಿಗಾದರೂ ನೆನಪುಂಟಾ?"

ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಬಟ್ಟೆ ಹೊರಗಿರುವುದಿಲ್ಲ. ಇರುಳು ಹೊರಗೆ ಉಳಿದ ಬಟ್ಟೆ ಮೈಗೆ ಆಗುವುದಿಲ್ಲ, ಏನೇನೋ ಓಡಾಡುತ್ತವೆ, ಮುಟ್ಟುತ್ತವೆ. ಊರು ಬಿಟ್ಟು ಮೂವತ್ತು ವರ್ಷವಾದರೂ, ನಾಲ್ಕನೆಯ ಮಹಡಿಯ ಕಿಟಕಿಯ ಸರಳಿಗೆ ಬಟ್ಟೆ ಒಣಹಾಕುವವರಾದರೂ, ಅಮ್ಮ ಇದನ್ನು ಬಿಟ್ಟಿರಲಿಲ್ಲ. ಸಂತಮಾತೆ ರಾತ್ರಿ ಬಂದು ಮುಟ್ಟುತ್ತಾಳೆ ಎಂದು ಸಿಸ್ಟರ್ ವಿವರಿಸುವಾಗ ಅವರು ಅಡುಗೆಮನೆಯಲ್ಲಿದ್ದರು. ಕಾಕುವಿಗೆ ಎಲ್ಲ ಗೊತ್ತಿತ್ತು. ಆದರೆ ಅಮ್ಮ ಒಂದು ತುದಿ ಕೈಗೆ ಕೊಟ್ಟರೆ ಇನ್ನೊಂದು ಮಾತಿಲ್ಲದೆ ಹಿಡಿಯುವುದು ಕಾಕುವಿನ ರೂಢಿ.

ಸಿಸ್ಟರ್ ಬಂದು ನೋಡಿದರು. ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಲ್ಲಿ ಸಾವಿರ ವರ್ಷದಿಂದ ಹೊರಗೆ ಇಡ್ತಾರೆ. ಕಲ್ಯಾಣದಲ್ಲಿ ಒಂದು ಸಂಜೆ ಇಡಲಿಕ್ಕಾಗಲಿಲ್ಲ."

ವಿಷಯ ತಿಳಿದ ಮೇಲೂ ಅಮ್ಮ ಸುಲಭಕ್ಕೆ ಬಗ್ಗಲಿಲ್ಲ. "ಅಷ್ಟು ದೊಡ್ಡ ತಾಯಿ ಅವಳು, ಒಳಗೆ ಬಂದು ಮುಟ್ಟಲಿಕ್ಕೆ ಅವಳಿಗೇನು ಬಾಗಿಲು ಅಡ್ಡವಾ?"

"ಅವಳು ಬರುವ ದಾರಿ ಅದೇ ಮಾರಾಯ್ರೆ, ನಾನೇನು ಮಾಡುವುದು," ಎಂದರು ಸಿಸ್ಟರ್.

ಮಡಚಿದ್ದನ್ನೆಲ್ಲ ಬಿಚ್ಚಿ ಮತ್ತೆ ತಂತಿಗೆ ಹಾಕಿದೆವು. ಅಮ್ಮ ಮಾತ್ರ ಕೈ ಕಟ್ಟಿಕೊಂಡು, ಆಗುವುದಕ್ಕೆಲ್ಲ ನೀವೇ ಹೊಣೆ ಎಂಬಂತೆ ನಿಂತಿದ್ದರು.

ಆ ರಾತ್ರಿ ಇಬ್ಬನಿ ಬೀಳಲಿಲ್ಲ. ಭಾನುವಾರ ಬೆಳಿಗ್ಗೆ ಪೂಜೆ ಮುಗಿದು, ಇಡ್ಲಿ ತಿಂದು, ಬಟ್ಟೆಯವರೆಲ್ಲ ಮತ್ತೆ ಸಾಲು ನಿಂತರು. ಮೇಷ್ಟ್ರು ತಮ್ಮ ಚೀಲವನ್ನು ಜೊತೆಗೇ ತಂದು ಗೋಡೆಗೆ ಒರಗಿಸಿಟ್ಟಿದ್ದರು. ಇಲ್ಲಿಂದ ನೇರ ಸ್ಟೇಷನ್ನಿಗೆ. ನಾನು ಆ ಚೀಲಕ್ಕೆ ಬೆನ್ನು ಮಾಡಿ ನಿಂತೆ.

ಮೊದಲನೆಯ ದುಪಟ್ಟಾ ನಿನ್ನೆಗಿಂತ ಉದ್ದವಿತ್ತು. ಎರಡನೆಯದೂ. ಪಂಚೆ ಇನ್ನೂ ಹೆಚ್ಚು. ನಾನು ಟೇಪನ್ನು ನನ್ನ ಉಕ್ಕಿನ ಅಳತೆಪಟ್ಟಿಯ ಮೇಲಿಟ್ಟು ಪರೀಕ್ಷಿಸಿದೆ, ಟೇಪು ಸರಿಯಿತ್ತು. ಚೀಟಿಯ ಮೇಲಿನ ಅಕ್ಷರ ನನ್ನದೇ. ಇರುಳು ಹೊರಗಿದ್ದ ಹತ್ತಿ ಬಟ್ಟೆ ಕುಗ್ಗಿದರೆ ನನಗೆ ಅಚ್ಚರಿಯಿಲ್ಲ. ಬೆಳೆದದ್ದನ್ನು ನಾನು ನೋಡಿರಲಿಲ್ಲ. ಸಾಲಿನಲ್ಲಿ ಪಿಸುಮಾತು ಎದ್ದು ಗದ್ದಲವಾಯಿತು. ಹಿಂದಿದ್ದವರು ಮುಂದೆ ಬಂದರು. ಯಾರೋ ಕೈ ಮುಗಿದರು, ಯಾರೋ ಅಳತೆ ಮುಗಿದ ಟವೆಲನ್ನು ತಲೆಗೆ ಸುತ್ತಿಕೊಂಡೇ ಬಿಟ್ಟರು.

ಆಗ ಅಮ್ಮ ಬಂದರು. ಅಳೆದ ಬಟ್ಟೆಗಳು ಮುದ್ದೆಯಾಗಿ ಬಿದ್ದದ್ದನ್ನು ನೋಡಿ ತಡೆಯಲಾರದೆ ಕಾಕುವನ್ನು ಕರೆದರು. ಇಬ್ಬರೂ ಎದುರುಬದುರು ನಿಂತು, ಒಂದು ಪಂಚೆಯ ಮೂಲೆಗಳನ್ನು ಹಿಡಿದು, ಹಿಂದಕ್ಕೆ ವಾಲಿ, ಹೋಟೆಲಿನವರ ರೀತಿಯಲ್ಲಿ ಫಟ್ಟನೆ ಎಳೆದರು. ಅಡ್ಡಕ್ಕೆ ಒಮ್ಮೆ, ಉದ್ದಕ್ಕೆ ಒಮ್ಮೆ. ಮೇಜುವಸ್ತ್ರಕ್ಕೆ ಇಸ್ತ್ರಿ ಬೇಡವಾಗುವ ಹಾಗೆ ಎಳೆಯುವುದನ್ನು ಅಮ್ಮ ಮೂವತ್ತು ವರ್ಷದಿಂದ ಮಾಡುತ್ತಿದ್ದಾರೆ. ನಿನ್ನೆ ಸಂಜೆ ಜಗಲಿಯಲ್ಲಿ ಪ್ರತಿಯೊಂದು ಬಟ್ಟೆಗೂ ಇದೇ ಸತ್ಕಾರ ಆಗಿತ್ತು.

ನಾನು ಮೇಷ್ಟ್ರನ್ನು ನೋಡಿದೆ. ಅವರು ಅಮ್ಮನನ್ನು ನೋಡುತ್ತಿದ್ದರು. ಆಮೇಲೆ ನನ್ನತ್ತ ತಿರುಗಿದರು, ಅವರ ಭುಜಗಳು ಕುಣಿಯತೊಡಗಿದವು. ನನಗೂ ನಗೆ ಒತ್ತಿ ಬಂತು. ಇಬ್ಬರೂ ಮೇಜಿನ ಮೇಲೆ ಬಾಗಿ, ಇಲ್ಲದ ಸುಕ್ಕನ್ನು ಸರಿಪಡಿಸಿದೆವು.

"ಹೇಳ್ತೀರೇನ್ರಿ?" ಎಂದು ಮೇಷ್ಟ್ರು ದನಿಯಿಲ್ಲದೆ ತುಟಿಯಾಡಿಸಿದರು.

"ಯಾರಾದರೂ ಕೇಳಿದರೆ."

ಸಿಸ್ಟರ್ ಒಬ್ಬರೇ ಕೇಳಿದವರು. ಅಮ್ಮನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಬೆಳೆದದ್ದು ನಿಜ ತಾನೇ?" ಎಂದರು.

"ನಿಜ."

"ಸಾಕು. ಮುಂದಿನದು ಅಳೆ."

ಮುಂದಿನದು ಕಾಕುವಿನ ಸೀರೆ. ಮೇಜು ಸಾಲದೆ ನೆಲದ ಮೇಲೆ ಹಾಸಿದೆವು. ಮೇಷ್ಟ್ರು ವೇದಿಕೆಯ ಬುಡದಲ್ಲಿ, ನಾನು ಬಾಗಿಲಿನ ಹತ್ತಿರ. ನಗೆಯ ಅಮಲು ಇನ್ನೂ ಇಳಿದಿರಲಿಲ್ಲ, ಗೋಡೆಯ ಗಡಿಯಾರ ಮುಂದೆ ಹೋಗುತ್ತಿತ್ತು. ಈಗಲೇ ಕೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ. "ನಿಮ್ಮ ಹತ್ತಿರ ಒಂದು ಮಾತು..."

"ಕೇಳಸಲಿಲ್ರೀ. ಜೋರಾಗಿ ಹೇಳ್ರಿ," ಎಂದು ಅವರು ಒಂಬತ್ತು ಗಜದ ಆಚೆಯಿಂದ ಕೂಗಿದರು. ಇಡೀ ಸಭಾಂಗಣ ನನ್ನತ್ತ ತಿರುಗಿತು.

"ಸೊನ್ನೆ ಸರಿಯುಂಟಾ ಅಂತ ಕೇಳಿದೆ," ಎಂದು ಕೂಗಿದೆ.

"ಸರಿ ಐತ್ರಿ."

ಆಮೇಲೆ ಪರದೆ. ಆಮೇಲೆ ಅಮ್ಮನ ಮೇಜುವಸ್ತ್ರ. ಎಲ್ಲಕ್ಕಿಂತ ಹೆಚ್ಚು ಬೆಳೆದದ್ದು ಅದೇ, ತಮ್ಮದೆಂದು ಅಮ್ಮ ಅದನ್ನು ಹೆಚ್ಚು ಎಳೆದಿರಬೇಕು. ಆಮೇಲೆ ಇನ್ನೆರಡು ದುಪಟ್ಟಾ. ಸಾಲು ಕರಗುತ್ತಿತ್ತು. ಇನ್ನು ಕೆಲವೇ ಮಂದಿ ಉಳಿದಿದ್ದಾಗ, ಹತ್ತನೇದು ಪಾಸಾಗಬೇಕಿದ್ದ ಆ ಹುಡುಗಿ ಮುಂದೆ ಬಂದು ಮುಷ್ಟಿ ಬಿಚ್ಚಿದಳು. ನಿನ್ನೆ ನಾವು ಚಹಾಕ್ಕೆ ಎದ್ದಾಗ ಯಾರಿಂದಲೋ ಅಳೆಸಿಕೊಂಡು ತಂತಿಗೆ ಸಿಕ್ಕಿಸಿದ್ದಳಂತೆ. ಅಂಗೈಯಗಲದ ಬಿಳಿಯ ಕರವಸ್ತ್ರ.

ಅದನ್ನು ಮೇಜಿನ ನಡುವೆ ಇಟ್ಟೆ. ಮೇಷ್ಟ್ರು ಆ ತುದಿಯಿಂದ ನಡೆದು ಬಂದರು. ನಮ್ಮ ಬೆರಳುಗಳ ನಡುವೆ ಒಂದು ಗೇಣಿನಷ್ಟು ದೂರ. ಇಬ್ಬರೂ ಬಾಗಿದೆವು.

"ಇವತ್ತು ಸಂಜೆ ಗಾಡಿಗೆ ಹೋಗ್ಬೇಡಿ," ಎಂದೆ.

"ಯಾಕ್ರಿ?"

"ನಿಮ್ಮನ್ನು ಮದುವೆ ಆಗ್ಬೇಕೂಂತ ನನಗುಂಟು. ನಿಮಗೂ ಇದ್ದರೆ ಹೇಳಿ. ಇಲ್ಲದಿದ್ದರೂ ಹೇಳಿ."

ಅವರು ಕರವಸ್ತ್ರವನ್ನೇ ನೋಡುತ್ತಿದ್ದರು. ಕಿವಿಗಳು ಕೆಂಪಾದದ್ದು ಕಂಡಿತು. "ಈ ವರ್ಷ ನೀವು ಕೇಳಾಕ ಬರೂದಿಲ್ಲಲ್ರೀ," ಎಂದರು. "ಸಿಸ್ಟರ್ ಹೇಳಿದ್ರಲ್ಲ, ಇನ್ನಾ ಎರಡ ವರ್ಷ ಐತಿ."

"ಗೊತ್ತುಂಟು. ಅಷ್ಟು ಕಾಯಲಿಕ್ಕೆ ನನ್ನಿಂದ ಆಗುವುದಿಲ್ಲ."

ಅವರು ಟೇಪಿನ ತುದಿಯನ್ನು ಬಿಟ್ಟರು. ಎರಡು ಹೆಜ್ಜೆ ಆಚೆ ಹೋಗಿ ಜೇಬಿನಿಂದ ಫೋನ್ ತೆಗೆದರು.

"ಮಿಸ್, ಮೇರಾ ಬಢಾ ಕ್ಯಾ?" ಎಂದಳು ಹುಡುಗಿ, ತನ್ನದು ಬೆಳೆಯಿತೇ ಎಂದು.

ಅಳೆದೆ. ಮೂರು ಸಲ ಅಳೆದು ಮೂರು ಉತ್ತರ ಬಂತು. "ಬಢಾ ಹೈ," ಎಂದೆ. "ಎಷ್ಟೂಂತ ಆಮೇಲೆ ಹೇಳ್ತೇನೆ."

"ಅವ್ವಾ," ಎಂದು ಮೇಷ್ಟ್ರು ಫೋನಿನಲ್ಲಿ ಶುರುಮಾಡಿದ್ದರು. ಮೆಲ್ಲಗೆ ಮಾತನಾಡಬೇಕೆಂದಿದ್ದರೇನೋ, ಆದರೆ ವಿಜಯಪುರಕ್ಕೆ ಮಾತನಾಡುವಾಗ ಅವರಿಗೆ ಅದು ಸಾಧ್ಯವಾಗಲಿಲ್ಲ. "ಹೂಂ, ಉಂಡೀನಿ. ನಾಳೆ ಹುಡುಗಿ ನೋಡಾಕ ಆಗೂದಿಲ್ಲ. ಜ್ವರಾ ಇಲ್ಲಬೇ, ಆರಾಮ ಅದೀನಿ. ಇಲ್ಲಿ ಒಬ್ಬಾಕಿ ನನ್ನ ಕೇಳ್ಯಾಳ. ಅವರಪ್ಪ ಅಲ್ಲ, ಅಣ್ಣನೂ ಅಲ್ಲ. ಆಕೀನ. ಸ್ವತಾ ಆಕೀನ ಕೇಳ್ಯಾಳ."

ಉಳಿದಿದ್ದ ಸಾಲು ಮೇಜಿನ ಹತ್ತಿರಕ್ಕೆ ಸರಿಯಿತು. ಕನ್ನಡ ತಿಳಿಯದವರೂ ಕಿವಿಗೊಟ್ಟರು. ಅವ್ವನ ದನಿ ಫೋನನ್ನು ದಾಟಿ ಮೇಜಿನವರೆಗೆ ಬರುತ್ತಿತ್ತು.

"ಮತ್ತ ನೀ ಏನಂದಿ?"

"ಇನ್ನಾ ಏನೂ ಅಂದಿಲ್ಲ. ನಿನಗ ಹೇಳಿ..."

"ಕೇಳಿದಾಕಿ ಅಲ್ಲಿ ನಿಂತಾಳ, ನನಗ್ಯಾಕ ಹೇಳ್ತಿ? ಮೊದಲ ಆಕೀಗೆ ಹೇಳು. ಫೋನ್ ಇಡಬ್ಯಾಡ, ನಾನೂ ಕೇಳಬೇಕು."

ಅವರು ಫೋನ್ ಕೈಯಲ್ಲಿ ಹಿಡಿದೇ ನನ್ನತ್ತ ತಿರುಗಿ, "ಹೂಂ ಅಂತೀನ್ರಿ," ಎಂದರು.

"ಜೋರಾಗಿ ಹೇಳೋ," ಎಂದಿತು ಫೋನು.

"ಹೂಂ ಅಂದೆ."

ಮೊದಲು ಅರ್ಥವಾದದ್ದು ಕನ್ನಡವೇ ಬಾರದ ಕಾಕುವಿಗೆ. "ಅಗಂ, ತುಝ್ಯಾ ಪೋರೀಚಂ ಲಗ್ನ ಠರಲಂ," ಎಂದು ಅಮ್ಮನ ತೋಳು ಹಿಡಿದು ಅಲ್ಲಾಡಿಸಿದರು, ನಿನ್ನ ಮಗಳ ಮದುವೆ ಗೊತ್ತಾಯಿತು ಎಂದು. ಅಮ್ಮ ನನ್ನನ್ನು ನೋಡಿದರು, ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇದೇ ಮೇಷ್ಟ್ರಿಗೆ ಎರಡು ವರ್ಷದಿಂದ ಚಟ್ನಿ ಬಡಿಸಿದವರು ಅವರು. ಈಗ ಹೊಸಬನನ್ನು ನೋಡುವ ಹಾಗೆ ನೋಡಿದರು.

"ಮೀನು ತಿನ್ತೀರಾ?"

"ಇಲ್ರೀ," ಎಂದರು ಮೇಷ್ಟ್ರು.

ಅಮ್ಮ ಯೋಚಿಸಿದರು. "ಇರಲಿ," ಎಂದರು ಅಮ್ಮ ಕೊನೆಗೆ. "ನಮಗೆ ಒಂದು ತುಂಡು ಹೆಚ್ಚು ಸಿಕ್ಕಿತು."

"ಮೀನ ತಿನ್ನೂ ಮಂದಿಯೇನೋ ಅವರು?" ಎಂದಿತು ಫೋನು.

"ಹೂಂ, ಅವ್ವಾ."

ನಾನು ಟೇಪನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡೆ.

"ತಿನ್ನಲಿ ತಗೋ," ಎಂದರು ಅವ್ವ. "ನೀ ಬ್ಯಾರೆ ತಾಟಿನ್ಯಾಗ ಉಣ್ಣು. ಇಲ್ಲಿ ಹುಡುಗೀ ಮಂದಿಗೆ ನಾ ಹೇಳ್ಕೋತೀನಿ. ಸಂಜೀ ಗಾಡಿಗೆ ಟಿಕೇಟ ತಗದೀ ಅಲ್ಲೇನು? ಅದನ್ಯಾಕ ಹಾಳ ಮಾಡ್ತಿ? ಸುಮ್ಮನ ಬಾ, ಬಂದು ನನ್ನ ಕರಕೊಂಡ ಹೋಗು. ಕೇಳಿದಾಕೀನ ನಾನೂ ಒಮ್ಮೆ ನೋಡಬೇಕು."

ಹೋಗಬೇಡಿ ಎಂದು ನಾನು ಬೇಡಿಕೊಂಡಿದ್ದ ಆ ಗಾಡಿಗೆ, ಸಂಜೆ ನಾನೇ ಅವರನ್ನು ಹತ್ತಿಸಲು ಸ್ಟೇಷನ್ನಿಗೆ ಹೋದೆ. ದಾರಿಯುದ್ದಕ್ಕೂ ಇಬ್ಬರೂ ಬಟ್ಟೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.